ಕೂಸು ಹರಿದ ಹಸ್ತಪ್ರತಿ

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ, ಈಗ ಐದು ತಿಂಗಳ ಬಸುರಿ. ನಾನು ಓದಿದ ಕಾದಂಬರಿಗಳಲ್ಲಿ ಓದುಬರಹದ ಹೆಂಗಸು ತಾಯಿಯಾದೊಡನೆ ಒಂದೋ ಮನೋರೋಗಿಯಾಗುತ್ತಾಳೆ, ಇಲ್ಲವೇ ಪುಸ್ತಕ ಮುಚ್ಚಿಡುತ್ತಾಳೆ. ಬೇರೆ ದಾರಿಯೇ ಇಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದೆ. ಇಂಗ್ಲೆಂಡಿನ ಮಾರ್ಗರೆಟ್ ಡ್ರಾಬಲ್ ಅವರ ‘ದಿ ಮಿಲ್‌ಸ್ಟೋನ್’ (1965) ಕಾದಂಬರಿಯ ರೋಸಮಂಡ್ ನಿಮ್ಮಂತೆಯೇ ಸಂಶೋಧಕಿ. ಎಲಿಜಬೆತ್ ರಾಣಿಯ ಕಾಲದ ಕಾವ್ಯವನ್ನು ಕುರಿತು ಪ್ರಬಂಧ ಬರೆಯುತ್ತಿರುವ ಈ ಅವಿವಾಹಿತೆ, ಮಗುವಿನ ತಂದೆಗೆ ಸುದ್ದಿಯನ್ನೂ ತಿಳಿಸದೆ ಹೆರುತ್ತಾಳೆ ಮತ್ತು ಪ್ರಬಂಧವನ್ನು ಮುಗಿಸಿಯೇ ತೀರುತ್ತಾಳೆ.

ಆ ಕಾದಂಬರಿಯ ಒಂದು ಪ್ರಸಂಗ ನನಗೆ ಬಹಳ ಮುಖ್ಯವೆನಿಸುತ್ತದೆ. ಅವಳ ಮನೆಯಲ್ಲಿಯೇ ಇರುವ ಗೆಳತಿ ಲಿಡಿಯಾ ಗುಟ್ಟಾಗಿ ಒಂದು ಕಾದಂಬರಿ ಬರೆಯುತ್ತಿರುತ್ತಾಳೆ. ರೋಸಮಂಡ್ ಅದನ್ನು ಕದ್ದು ಓದಿದಾಗ, ಅದರ ನಾಯಕಿ ತಾನೇ ಎಂಬುದೂ, ತನ್ನ ಸಂಶೋಧನೆಯನ್ನು ಬದುಕಿನಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ಅಲ್ಲಿ ಚಿತ್ರಿಸಲಾಗಿದೆಯೆಂಬುದೂ ತಿಳಿಯುತ್ತದೆ. ಮುಂದೆ ಅಂಬೆಗಾಲಿಡುವ ಕೂಸು ಆಕ್ಟೇವಿಯಾ ಅದೇ ಹಸ್ತಪ್ರತಿಯನ್ನು ಹರಿದು ಅಗಿಯುತ್ತದೆ. ಹೆಣ್ಣಿನ ವಿದ್ವತ್ತನ್ನು ಪಲಾಯನವೆಂದ ಹಾಳೆಗಳು ಅವಳ ಮಗುವಿನ ಕೈಯಲ್ಲಿಯೇ ಚೂರಾಗುವಂತೆ ಬರೆದಿರುವಲ್ಲಿ ಡ್ರಾಬಲ್ ಅವರ ನಿಲುವು ಸ್ಪಷ್ಟವಾಗಿದೆಯೆಂದು ನಾನು ನಂಬುತ್ತೇನೆ.

ಆದರೆ ನೀವು ಓದಿದ ಆ ದುಃಖದ ಕಥೆಗಳೂ ಬಸುರನ್ನು ದೂರುತ್ತಿಲ್ಲ. ಅಮೆರಿಕದ ಶಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಅವರು 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ ಕಥೆಯ ಬಾಣಂತಿಯ ಮನಸ್ಸು ಕದಡುವುದು, ವೈದ್ಯನಾದ ಗಂಡನೇ ವಿಶ್ರಾಂತಿಯ ಹೆಸರಿನಲ್ಲಿ ಬರವಣಿಗೆಗೆ ತಡೆಹಾಕಿ ಕೂರಿಸಿದ ಕೋಣೆಯಲ್ಲಿ. ಮಗಳು ಹುಟ್ಟಿದ ಬಳಿಕ ಖಿನ್ನತೆಯಿಂದ ಬಳಲಿದ ಗಿಲ್ಮನ್ ಅವರಿಗೂ ಜೀವಮಾನವಿಡೀ ಲೇಖನಿ ಮುಟ್ಟಬಾರದೆಂದು ವೈದ್ಯರೊಬ್ಬರು ಹೇಳಿದ್ದರು. ನಮ್ಮ ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ: ಆಸ್ಪತ್ರೆಯಲ್ಲಿ ಗುಣವಾದವಳನ್ನು ಮತ್ತೆ ಕೆಡಹುವುದು ಗಂಡನ ಮತ್ತು ನೆರೆಹೊರೆಯವರ ಅಪನಂಬಿಕೆ.

ರೋಸಮಂಡ್‌ಳ ಗೆಲುವಿಗೂ ಆಧಾರವಿತ್ತೆಂಬುದನ್ನು ಮರೆಯಬಾರದು. ತಂದೆತಾಯಿ ವಿದೇಶದಲ್ಲಿದ್ದುದರಿಂದ ಅವರ ವಿಶಾಲವಾದ ಮನೆ ಅವಳಿಗೆ ಬಾಡಿಗೆಯಿಲ್ಲದೆ ಸಿಕ್ಕಿತ್ತು. ಅಷ್ಟು ಅನುಕೂಲವಿಲ್ಲದ ತಾಯಿಯ ಕಥೆಯನ್ನು ಈ ಕಾದಂಬರಿ ಹೇಳುವುದಿಲ್ಲ, ಅದು ಇದರ ದೊಡ್ಡ ಕೊರತೆ. ಆದ್ದರಿಂದ ಓದುವಾಗ, ಅವಳು ಬರೆಯಲು ಕುಳಿತ ಹೊತ್ತಿನಲ್ಲಿ ಕೂಸು ಯಾರ ಬಳಿ ಇದೆಯೆಂಬುದನ್ನು ಗಮನಿಸಿ, ಆ ಪ್ರಶ್ನೆಯನ್ನು ನಿಮ್ಮ ಮನೆಯವರ ಮುಂದೆ ಹೆರಿಗೆಗೆ ಮೊದಲೇ ಇಡಿ.