ಒಂಬತ್ತನೇ ದಿನದ ಜ್ವರ, ಬಾಯಿ ಹುಣ್ಣು, ಹಸಿ ತಪ್ಪಲ

ಪ್ರಶ್ನೆ: ಅವ್ವನಿಗೆ ಸ್ತನ ಕ್ಯಾನ್ಸರ್. ಬೆಳಗಾವಿಯಲ್ಲಿ ಎರಡನೇ ಕೀಮೋ ಮುಗಿಸಿ ಊರಿಗೆ ಬಂದೆವು. ಒಂಬತ್ತನೇ ದಿನ ರಾತ್ರಿ 101 ಜ್ವರ ಬಂತು. ಡೋಲೋ ಕೊಟ್ಟೆವು, ಬೆಳಗ್ಗೆ ಇಳಿದಿತ್ತು. ಈಗ ಬಾಯಿ ತುಂಬ ಹುಣ್ಣು, ರೊಟ್ಟಿ ಸೇರುವುದಿಲ್ಲ. ಹಸಿ ತಪ್ಪಲ (ಸೊಪ್ಪು) ತಿಂದರೆ ರಕ್ತ ಏರುತ್ತದೆ ಎನ್ನುತ್ತಾರೆ, ಕೊಡಬಹುದೇ?
— ಓದುಗರು, ಜಮಖಂಡಿ

ಉತ್ತರ: ಜ್ವರ ಇಳಿಯಿತೆಂದು ಸುಮ್ಮನಿರಬೇಡಿ. ಕೀಮೋ ಕೊಟ್ಟ ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ. ರಕ್ತಕಣಗಳ ಎಣಿಕೆ ಮಾಡಿಸಬೇಕಾಗುತ್ತದೆ. ಕೀಮೋ ಆದ 7ರಿಂದ 14ನೇ ದಿನದ ಸುಮಾರಿಗೆ ಬಿಳಿ ರಕ್ತಕಣಗಳು ತಳ ಮುಟ್ಟಿರುತ್ತವೆ. ಆಗ ಸೋಂಕು ತಗುಲಿದರೂ ಕೀವು, ಬಾವು ಕಾಣದೇ ಇರಬಹುದು. ಎಷ್ಟೋ ಸಲ ಜ್ವರವೊಂದೇ ಸುಳಿವು. ಡೋಲೋ ಆ ಸುಳಿವನ್ನು ಅಳಿಸುತ್ತದೆ, ಸೋಂಕನ್ನಲ್ಲ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ತೋರಿಸಿದರೆ, ಅಥವಾ ಜ್ವರವಿಲ್ಲದೆಯೂ ಚಳಿ-ನಡುಕ ಬಂದರೆ, ನಡುರಾತ್ರಿಯಾದರೂ ಹೊರಡಿ. ಬೆಳಗಿನ ಬಸ್ಸಿಗೆ ಕಾಯುವ ಕೆಲಸವಲ್ಲ ಇದು. ವಾಹನ ಇಲ್ಲದಿದ್ದರೆ 108. ಬೆಳಗಾವಿ ದೂರವೆನಿಸಿದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ "ಕೀಮೋ ಆಗಿ ಒಂಬತ್ತು ದಿನ" ಎನ್ನಿ, ಫೈಲ್ ತೋರಿಸಿ. ಹೋದ ಒಂದು ತಾಸಿನೊಳಗೆ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಸೇರಬೇಕು. ಕಂಕುಳಲ್ಲಿ ಅಳೆದರೆ ಬಾಯಿಗಿಂತ ಅರ್ಧ-ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ, ನೆನಪಿರಲಿ.

ಬಾಯಿಗೆ: ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಹಾ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗುಳಲಿ, ನುಂಗಬಾರದು. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಅಂಗಡಿಯ ಮೌತ್‌ವಾಶ್‌ನಲ್ಲಿ ಆಲ್ಕೋಹಾಲ್ ಇದ್ದರೆ ಹುಣ್ಣು ಉರಿಯುತ್ತದೆ. ಬ್ರಶ್ ಮೆತ್ತಗಿರಲಿ. ಬಿಳಿ ಪದರ ಕಂಡರೆ ಅದು ಶಿಲೀಂಧ್ರವಿರಬಹುದು, ಅದಕ್ಕೆ ಬೇರೆ ಔಷಧಿ ಬೇಕು. ನೀರೂ ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

ಖಡಕ್ ರೊಟ್ಟಿ ಹುಣ್ಣನ್ನು ಕೆರೆಯುತ್ತದೆ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಸುಡುತ್ತದೆ. ಜೋಳದ ನುಚ್ಚು-ಮಜ್ಜಿಗೆ, ಬೇಳೆಯಲ್ಲಿ ನೆನೆಸಿದ ಮೆತ್ತನೆ ರೊಟ್ಟಿ ಕೊಡಿ, ಉಗುರುಬೆಚ್ಚಗೆ.

ಹಸಿ ಹಕ್ಕರಕಿ, ಮೆಂತ್ಯ ಸದ್ಯಕ್ಕೆ ಬೇಡ. ಎಲೆಗಂಟಿದ ಮಣ್ಣಿನ ರೋಗಾಣು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದೇ ತಪ್ಪಲ ಪಲ್ಯ ಮಾಡಿ ಕೊಟ್ಟರೆ ಅಡ್ಡಿಯಿಲ್ಲ. ಆದರೆ ಕೀಮೋದಿಂದ ಕುಸಿದ ಬಿಳಿ ರಕ್ತಕಣ ಯಾವ ಸೊಪ್ಪಿನಿಂದಲೂ ಏರದು.

ಮುಂದಿನ ಕೀಮೋಗೆ ಹೋದಾಗ ಈ ಜ್ವರ, ಹುಣ್ಣು ಎರಡನ್ನೂ ತಾರೀಖಿನ ಸಮೇತ ಹೇಳಿ. ಡೋಸ್ ಇಳಿಸಬೇಕೇ, ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಕೊಡಬೇಕೇ ಎಂದು ವೈದ್ಯರು ತೀರ್ಮಾನಿಸುವುದು ಅದರ ಮೇಲೆಯೇ.