ನಿಮ್ಮ ಸೊಂಟನೋವಿನ ಲೇಖನದ ಬಗ್ಗೆ

ನಮಸ್ಕಾರ.

‘ಸೊಂಟ, ಕಿಬ್ಬೊಟ್ಟೆ ನೋವಿಗೆ ಹದಿನೈದು ಕಾರಣಗಳು’ ಓದಿದೆ. ಈಗಿರುವಂತೆ ನಮ್ಮ ಪುರವಣಿಯಲ್ಲಿ ಹಾಕಲಾಗದು. ಆದರೆ ಕೈಬಿಡುವ ಮನಸ್ಸೂ ಇಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಸ್ನಾಯು ಹಿಡಿದುಕೊಳ್ಳುವುದಕ್ಕೂ ಎರಡು ಸಾಲು, ಬೆನ್ನೆಲುಬಿನ ಕ್ಯಾನ್ಸರಿಗೂ ಎರಡು ಸಾಲು ಕೊಟ್ಟಿದ್ದೀರಿ. ಓದಿದವರು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಹೆದರುತ್ತಾರೆ. ಬಹುಪಾಲು ಸೊಂಟನೋವಿಗೆ ಇಂಥದ್ದೇ ಕಾರಣ ಎಂದು ಸ್ಕ್ಯಾನಿಂಗಿನಲ್ಲಿ ತೋರಿಸಲು ಏನೂ ಸಿಗುವುದಿಲ್ಲ. ಸ್ನಾಯು, ಕೀಲು ಎಳೆದುಕೊಂಡಿರುತ್ತವೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಇದು ಮೊದಲ ಪ್ಯಾರಾದಲ್ಲಿ ಇರಬೇಕಿತ್ತು, ನಿಮ್ಮಲ್ಲಿ ಒಂಬತ್ತನೆಯದಾಗಿದೆ. ಎಲ್ಲರೂ ಎಂಆರ್‌ಐ ಮಾಡಿಸಲಿ ಎಂದದ್ದನ್ನೂ ಹೊಡೆದುಹಾಕಿ. ನೋವೇ ಇಲ್ಲದ ನಡುವಯಸ್ಸಿನವರಲ್ಲೂ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿರುವುದು ಸಾಮಾನ್ಯ. ರಿಪೋರ್ಟ್ ನೋಡಿದ ಮೇಲೆಯೇ ರೋಗಿಗಳಾದವರು ಹುಬ್ಬಳ್ಳಿಯಲ್ಲಿ ಕಡಿಮೆ ಇಲ್ಲ. ಹಾಸಿಗೆ ಬಿಟ್ಟು ಏಳಬಾರದೆಂಬ ಸಲಹೆಯೂ ಹಳೆಯದಾಯಿತು, ಆಗುವಷ್ಟು ಓಡಾಡುವುದೇ ಒಳ್ಳೆಯದು.

ನಿಮ್ಮ ಬರಹ ಜೀವ ಪಡೆಯುವುದು ಒಂದೇ ಕಡೆ. ಬ್ಯಾಡಗಿಯಲ್ಲಿ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ನಿಮ್ಮ ಚಿಗವ್ವ, ‘ಕುಂತ್ರ ಏನೂ ಇಲ್ಲ, ಏಳಾಕ ಹೋದ್ರ ಟೊಂಕ ಏಳವಲ್ದು’ ಅನ್ನುತ್ತಾರಲ್ಲ, ಅಲ್ಲಿ. ನೋವು ಯಾವಾಗ ಬರುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ ಎಂಬುದನ್ನು ಅವರೇ ಹೇಳಿಬಿಟ್ಟಿದ್ದಾರೆ. ಉಳಿದ ಕಾರಣಗಳನ್ನೂ ಹೀಗೇ ಹೇಳಿ. ಕುಂಡೆಯಿಂದ ಮೊಣಕಾಲು ದಾಟಿ ಪಾದಕ್ಕೆ ಇಳಿದು, ಕೆಮ್ಮಿದರೆ ಚಳುಕು ಹೊಡೆದರೆ ನರ ಒತ್ತಿರಬಹುದು. ಇಪ್ಪತ್ತೈದರ ಹುಡುಗನ ಬೆನ್ನು ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿದಿದ್ದು, ನಡೆದಾಡಿದಂತೆ ಸಡಿಲಾಗುತ್ತಿದ್ದರೆ ಅದು ದುಡಿಮೆಯ ನೋವಾಗಿರಲಿಕ್ಕಿಲ್ಲ, ಉರಿಯೂತದ ಸಂಧಿವಾತವಿರಬಹುದು. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಬಂದು ಮಲಗಲೂ ಬಿಡದಿದ್ದರೆ ಮೂತ್ರದ ಕಲ್ಲಿರಬಹುದು. ತಿಂಗಳುಗಟ್ಟಲೆ ನೋವು, ಜೊತೆಗೆ ಸಂಜೆ ಜ್ವರ, ತೂಕ ಇಳಿತ ಇದ್ದರೆ ಬೆನ್ನೆಲುಬಿನ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ.

ಇನ್ನು ನನಗೆ ಸಿಟ್ಟು ತರಿಸಿದ ಸಾಲು: ‘ಹೆಂಗಸರ ಸೊಂಟನೋವಿಗೆ ಹೆಚ್ಚಾಗಿ ಗರ್ಭಕೋಶವೇ ಕಾರಣ, ಬಿಳಿಮುಟ್ಟು ಇದ್ದರಂತೂ ಖಚಿತ.’ ಹಾವೇರಿ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯಬಾರದು. ಹೊಟ್ಟೆನೋವು, ಬಿಳಿಮುಟ್ಟು ಎಂದು ಹೋದ ಎಳೆ ವಯಸ್ಸಿನವರ ಗರ್ಭಕೋಶವನ್ನೇ ತೆಗೆದರೆಂಬ ದೂರು ರಾಣೆಬೆನ್ನೂರು ಭಾಗದಿಂದ ಎದ್ದು, ಆ ಹೆಣ್ಣುಮಕ್ಕಳು ಪರಿಹಾರಕ್ಕಾಗಿ ಬೀದಿಗಿಳಿದದ್ದು ನಿಮಗೆ ಗೊತ್ತಿರಬೇಕು. ಮುಟ್ಟಿನ ದಿನಗಳಲ್ಲಿ ವಿಪರೀತ ನೋವು, ಗಂಡನೊಡನೆ ಕೂಡುವಾಗ, ಮಲವಿಸರ್ಜನೆಯಲ್ಲಿ ನೋವಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅದರ ಹೊರಗೆ ಬೆಳೆಯುವ ರೋಗ) ಇರಬಹುದು. ಜ್ವರ, ದುರ್ವಾಸನೆಯ ಸ್ರಾವ, ಕಿಬ್ಬೊಟ್ಟೆ ನೋವು ಇದ್ದರೆ ಒಳಗಿನ ಸೋಂಕಿರಬಹುದು. ಬಸುರಿಯಲ್ಲಿ ಸೊಂಟದ ಮೂಳೆಕೀಲು ಸಡಿಲಾಗಿಯೂ ನೋಯುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ. ಬರೀ ಸೊಂಟನೋವಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಜೊತೆಗೆ ಅಂಡಾಶಯವೂ ಹೋದರೆ ಹೆಣ್ಣಿನ ಹಾರ್ಮೋನು ದಿಢೀರ್ ಕುಸಿದು ಮೂಳೆ ಬೇಗ ಸವೆಯುತ್ತದೆ. ಇದಕ್ಕೆ ಒಂದು ಪುಟ ಕೊಟ್ಟರೂ ನಾನು ಕತ್ತರಿಸುವುದಿಲ್ಲ.

ತುರ್ತಿನ ಲಕ್ಷಣಗಳನ್ನು ನೀವು ಬರೆದೇ ಇಲ್ಲ. ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಎರಡೂ ಕಾಲು ಸೋತರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮುಟ್ಟು ತಪ್ಪಿದವರಿಗೆ ಕಿಬ್ಬೊಟ್ಟೆಯ ಒಂದು ಬದಿ ತೀವ್ರ ನೋವು, ತಲೆಸುತ್ತು ಬಂದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರಬಹುದು, ಆಗಲೂ ತಡಮಾಡಬಾರದು. ಇವನ್ನು ಬೇರೆ ಚೌಕದಲ್ಲಿ, ದಪ್ಪಕ್ಷರದಲ್ಲಿ ಹಾಕೋಣ.

ಕೊನೆಗೆ ಸೇರಿಸಿದ ಎಣ್ಣೆಯ ಜಾಹೀರಾತಿನಂಥ ಪ್ಯಾರಾ ಬೇಡ. ಮತ್ತೆ ಬರೆದಾದ ಮೇಲೆ ಒಬ್ಬ ಸ್ತ್ರೀರೋಗ ತಜ್ಞರಿಗೂ ಒಬ್ಬ ಎಲುಬಿನ ಡಾಕ್ಟರಿಗೂ ತೋರಿಸಿ, ಅವರು ತಿದ್ದಿದ ಪ್ರತಿಯನ್ನೇ ಕಳಿಸಿ. ಚಿಗವ್ವನ ಫೋಟೊ ಹಾಕುವುದಾದರೆ ಅವರನ್ನು ಕೇಳಿಯೇ ಹಾಕೋಣ.