‘ಬೆನಿಫಿಟ್ಸ್’ ಅಲ್ಲ, ‘ಕಿಡ್ಸ್’ ಅಂತ ಹುಡುಕಿ

ಹೆಸರು ಅದಲು ಬದಲಾಗಿರಬೇಕು. ಮದುವೆ ಪ್ರೀತಿ ಏನೂ ಬೇಡ, ಮಗು ಮಾತ್ರ ಸಾಕು ಅಂತ ಇಬ್ಬರು ಸ್ನೇಹಿತರು ತೀರ್ಮಾನಿಸುವ ಸಿನಿಮಾ ಹುಡುಕಿದ್ರೆ ‘ಫ್ರೆಂಡ್ಸ್ ವಿತ್ ಬೆನಿಫಿಟ್ಸ್’ ಸಿಗ್ತಿದೆ ಅಂದಿರಿ. ಅದರಲ್ಲಿ ಮಗುವಿನ ಕಥೆಯೇ ಇಲ್ಲ. ನಿಮಗೆ ಬೇಕಾದದ್ದು ಬಹುಶಃ ‘ಫ್ರೆಂಡ್ಸ್ ವಿತ್ ಕಿಡ್ಸ್’.

ಮೊದಲು ಸಿನಿಮಾ ಹೆಸರಿನ ಜೊತೆ ಜೆನಿಫರ್ ವೆಸ್ಟ್‌ಫೆಲ್ಟ್ ಅಂತ ಸೇರಿಸಿ ಹುಡುಕಿ. ಬರೆದದ್ದು, ನಿರ್ದೇಶಿಸಿದ್ದು, ನಾಯಕಿ, ಎಲ್ಲಾ ಅವರೇ. ಅಮೆರಿಕದಲ್ಲಿ ಬಿಡುಗಡೆಯಾದದ್ದು 2012ರಲ್ಲಿ. ಆಮೇಲೆ ಟ್ರೇಲರ್ ನೋಡಿ: ನಾಯಕ ಆಡಮ್ ಸ್ಕಾಟ್, ಊರು ನ್ಯೂಯಾರ್ಕ್.

ಹಿಮದ ಊರಿಗೆ ಪ್ರವಾಸ ಹೋದಾಗ ಊಟದ ಮೇಜಿನಲ್ಲಿ ನಟ ಜಾನ್ ಹ್ಯಾಮ್ ಕುಡಿದು ಜಗಳ ತೆಗೆಯುವ ದೃಶ್ಯ ನೆನಪಿದ್ಯಾ? ನೀವಿಬ್ಬರೂ ಮಗುವಿನ ಬಗ್ಗೆ ಯೋಚಿಸಿದ್ರಾ ಅಂತ ನಾಯಕ ನಾಯಕಿಯನ್ನ ಎಲ್ಲರ ಮುಂದೆ ಕೇಳಿಬಿಡ್ತಾನೆ. ಕಾಮಿಡಿ ಅಂತ ಕೂತವರೂ ಸುಮ್ನಾಗಿಬಿಡ್ತಾರೆ. ನೆನಪಿದ್ರೆ ಇದೇ ಸಿನಿಮಾ.

ಮಗುವಿನ ಅಪ್ಪ ಅಮ್ಮ ಅಪಘಾತದಲ್ಲಿ ತೀರಿಹೋದ ನೆನಪಿದ್ರೆ ಮಾತ್ರ ಅದು ಬೇರೆ, 2010ರ ‘ಲೈಫ್ ಆಸ್ ವಿ ನೋ ಇಟ್’.

ಅಂದಹಾಗೆ, ಪೋಲಿ ಮಾತು ಜಾಸ್ತಿ. ಅತ್ತೆ ಮಾವನ ಜೊತೆ ಕೂತು ಹಾಕಬೇಡಿ.